ವ್ಯಂಗ್ಯಚಿತ್ರ ಬರಿಯೋದು ಕಾಯಕ ಆಗಬೇಕಂದ್ರ ಏನಿರಬೇಕ್ರಿ?

ಗೆರಿಮನಿ (ವಿಜಯಪುರ)

ಎಲ್ಲರಿಗೂ ಶರಣು. ಹನ್ನೊಂದು ವರ್ಷದಿಂದ ವ್ಯಂಗ್ಯಚಿತ್ರ ಬರೀತೀನ್ರಿ. ಹಗಲ ಬೋರ್ಡ್ ಬರಿಯೋದು ಹೊಟ್ಟಿಪಾಡು, ರಾತ್ರಿ ಊಟ ಆದಮ್ಯಾಲೆ ಇದು. ಕೈಕಾಲು ತೊಳ್ಕೊಂಡು, ವಿಭೂತಿ ಹಚ್ಕೊಂಡ ಇಂಡಿಯನ್ ಇಂಕಿನ ಬಾಟ್ಲಿ ತಗೀತೀನಿ. ನನಗ ಅದೂ ಪೂಜೀನ.

ಹೋದ ತಿಂಗಳ ನಮ್ಮ ಓಣ್ಯಾಗಿನ ಕಿರಾಣಿ ಅಂಗಡಿಯವರನ್ನ ಬರೆದೆ. ಕೈ ಬಿಗಿ ಅಂತ ಓಣಿಗೆಲ್ಲಾ ಗೊತ್ತಿರೋರು. ತಕ್ಕಡಿ ಮ್ಯಾಲೆ ಅವರ ಹೊಟ್ಟಿ ಇಟ್ಟಿದ್ದೆ. ವಾಟ್ಸಾಪ್‌ನ್ಯಾಗ ಮನಿಮನಿ ಓಡಾಡ್ತು, ಎಲ್ಲಾರೂ ನಕ್ಕರು. ಮೂರು ದಿನ ಬಿಟ್ಟು ಸಕ್ಕರಿ ತರಾಕ ಹೋದೆ. ಅವರು ಏನೂ ಅನ್ನಲಿಲ್ಲ. ಪೊಟ್ಟಣ ಕೊಡುವಾಗ ಎಡಗೈಲೆ ಅಂಗಿ ಜಗ್ಗಿ ಹೊಟ್ಟಿ ಮುಚ್ಕೊಂಡ್ರು. ಆ ಕೈ ಇನ್ನೂ ಕಣ್ಣಿಂದ ಹೋಗವಲ್ದು. ಅವತ್ತಿಂದ ನಿಬ್ ಮುಟ್ಟಿಲ್ಲ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲಾದಾಗೇ ಐತಿ. ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಅನ್ನೋದು ಸಣ್ಣವನಿದ್ದಾಗಿಂದ ಬಾಯಿಪಾಠ. ಆದ್ರ ವ್ಯಂಗ್ಯಚಿತ್ರದವನ ಬಂಡವಾಳನ ಲೋಕದ ಡೊಂಕು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾರನ್ನ ಬರಿಯಾಕ ಎಷ್ಟೋ ಸಲ ಕುಂತೆ. ಏನ ಹಿಗ್ಗಿಸಲಿ, ಎಲ್ಲಿ ಬಗ್ಗಿಸಲಿ ಅಂತ ತಿಳೀಲಿಲ್ಲ. ಅವರ ಅಂಗಿಗೆ ಕಿಸೇನ ಇರಲಿಲ್ಲ. ಕಡೀಗೆ ಅದನ್ನ ಬರೆದೆ: ಮೊಣಕಾಲ ತನಕ ಕಿಸೆ ಜೋತುಬಿದ್ದ ಮಂದಿ, ನಡುವ ಕಿಸೆ ಇಲ್ಲದ ಒಂದು ಬಿಳಿ ಅಂಗಿ. ನೋಡಿದವರು ನಕ್ಕರು, ನಕ್ಕು ತಮ್ಮ ಕಿಸೆ ಮುಟ್ಟಿ ನೋಡ್ಕೊಂಡ್ರು. ಆ ನಗಿ ಬ್ಯಾರೆ, ಕಿರಾಣಿ ಅಂಗಡಿ ನಗಿ ಬ್ಯಾರೆ. ಎರಡರ ನಡುವಿನ ಗೆರಿ ಎಲ್ಲೈತ್ರಿ?

ಹಳೇಊರು (ಬಾಗಲಕೋಟೆ)

ತಮ್ಮಾ, ನಾ ಚಿತ್ರಗಾರ ಅಲ್ಲ, ನಿವೃತ್ತ ಮಾಸ್ತರ. ಕಣ್ಣಾರೆ ಕಂಡದ್ದು ಹೇಳ್ತೀನಿ.

ಆಲಮಟ್ಟಿ ಹಿನ್ನೀರು ಬರ್ತೈತಿ ಅಂತ ಮನಿ ಬಿಡೋ ದಿನ. ಬಾಗಿಲು, ಚೌಕಟ್ಟು, ತೊಲಿ, ಜಂತಿ ಎಲ್ಲಾ ಕಿತ್ತು ಟ್ರ್ಯಾಕ್ಟರಿಗೆ ಹೇರಿ ನವನಗರಕ್ಕ ಹೊಂಟಿದ್ವಿ. ನಮ್ಮವ್ವ ಒಲಿ ಮುಂದಿನಿಂದ ಏಳವಲ್ಲಳು. ಎರಡು ದಿನದಿಂದ ಊಟಾನೂ ಬಿಟ್ಟಿದ್ಲು. ನಮ್ಮ ಕಾಕಾ ಒಲಿಯಾಗಿನ ಇದ್ದಲಿ ತಗೊಂಡು ಸುಣ್ಣದ ಗ್ವಾಡಿ ಮ್ಯಾಲೆ ಒಂದು ಮೀನ ಬರೆದ್ರು. ತಲಿ ಮ್ಯಾಲೆ ಸೆರಗು, ಬಗಲಾಗ ಗಂಟು. ಹೊಸ್ತಿಲದಾಗ ನಿಂತು ಕೇಳತೈತಿ: ‘ಅವ್ವಾರ, ಬಾಡಗಿ ಎಷ್ಟ್ರೀ?’

ಅವ್ವನ ಭುಜ ಅಲುಗಾಕತ್ತಿದ್ವು. ಅಳಾಕತ್ತಾಳ ಅಂದ್ಕೊಂಡ್ವಿ. ನಗಾಕತ್ತಿದ್ಲು! ಕಣ್ಣ ಒರೆಸ್ಕೋತ, ‘ಈ ಒಲಿ ಹೊಗಿ ಭಾಳ ಕಾರತೈತಿ ಅಂತ ಹೇಳು ಆಕಿಗೆ’ ಅಂದು ಎದ್ದಳು. ಒಲಿಗೆ ಕೈಮುಗಿದು ಟ್ರ್ಯಾಕ್ಟರ್ ಹತ್ತಿದಳು.

ಆ ಗ್ವಾಡಿ ಈಗ ನೀರಾಗೈತಿ. ಕಾಕಾನೂ ಅದ ಮನ್ಯಾಗ ಹುಟ್ಟಿದವರು, ಅವರ ಪಾಲಿಂದೂ ಮುಳುಗತಿತ್ತು. ಅದಕ್ಕ ಆ ಮೀನು ಅವ್ವಗ ಚುಚ್ಚಲಿಲ್ಲ ಅಂತ ನನಗನಸ್ತದ.

ಇಂಕುಬಾಯಿ (ಬೆಳಗಾವಿ)

ಅಣ್ಣಾ, ನಾನೂ ಇದ ಕೆಲಸದಾಕಿ. ನೇರ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ತೂಕದಾಗ ಮೋಸ ಇದ್ರ ತಕ್ಕಡಿ ಬರೀರಿ, ಅದು ಅವರು ಮಾಡಿದ್ದು. ಹೊಟ್ಟಿ ಯಾಕ ಬರೆದ್ರಿ? ಹೊಟ್ಟಿ ಅವರೇನೂ ಮಾಡಿದ್ದಲ್ಲ. ಜಿಪುಣತನಕ್ಕ ಗುರಿ ಇಟ್ಟು ಮೈಗೆ ಹೊಡದೀರಿ.

ಇನ್ನೊಂದು. ಆ ಚಿತ್ರದಾಗ ನೀವೆಲ್ಲಿದ್ರಿ? ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನ್ನ ನೋಡ್ರಿ: ಧೋತರ, ಚೌಕಳಿ ಕೋಟು, ಮೂಲ್ಯಾಗ ನಿಂತು ಸುಮ್ಮನ ನೋಡ್ತಾನ. ಬರೆದವರ ಕಣ್ಣೂ ಓದವರ ಕಣ್ಣೂ ಅಂವಂದ. ಅದೇ ಲಕ್ಷ್ಮಣ ಮೈಸೂರಾಗ ಓದೋ ದಿನದಾಗ ‘ಕೊರವಂಜಿ’ಗೆ ಬರೀತಿದ್ರು. 1942ರಾಗ ಅದನ್ನ ಶುರು ಮಾಡಿದ ಎಂ. ಶಿವರಾಂ ಡಾಕ್ಟರು. ಔಷಧ ಕೊಡೋ ಕೈ ನಗಿ ಪತ್ರಿಕಾ ನಡೆಸಿತು ಅನ್ನೋದು ನನಗ ಭಾಳ ದೊಡ್ಡ ಮಾತು. ಹುಣ್ಣು ಎಲ್ಲೈತಿ ಅಂತ ಡಾಕ್ಟರೂ ಒತ್ತಿ ನೋಡ್ತಾನ, ಆದ್ರ ಒತ್ತಿ ಬಿಟ್ಟು ಹೋಗಂಗಿಲ್ಲ.

ವಚನ ಅಲ್ಲಿಗೇ ನಿಲ್ಲಿಸಬ್ಯಾಡ್ರಿ. ‘ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ’ ಅಂತ ಮುಂದ ಬರ್ತದ. ಅಂಗಡಿ ಮುಂದ ಉದ್ರಿ ಬರಿಸಾಕ ನಿಂತವರ ಸಾಲಿನ್ಯಾಗ ನಿಮ್ಮನ್ನೂ ಒಬ್ಬರನ್ನ ಬರೀರಿ, ಆಮ್ಯಾಲೆ ನೋಡ್ರಿ ಗೆರಿ ಹೆಂಗ ಬರ್ತದ ಅಂತ.

ಭಾಗವತ (ಗೋಕಾಕ)

ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಆಡ್ತಾರಲ್ರಿ, ಬೆಳತನಕ ದೇವರನ್ನೇ ಕಾಡಸ್ತೀವಿ. ಒಂದ ಹೂವಿನ ಸಲುವಾಗಿ ಸತ್ಯಭಾಮಾ ಮುನಿಸ್ಕೋತಾಳ, ಕೃಷ್ಣ ಪರಮಾತ್ಮ ಆಕಿನ್ನ ರಮಿಸ್ಕೋತ ಕುಂದರ್ತಾನ. ನಕ್ಕ ಮಂದೀನ ಮಂಗಳಾರತಿಗೆ ಕೈ ಮುಗೀತಾರ. ಬರಿಯೋದು ಬಿಡಬ್ಯಾಡ್ರಿ.

ಗೆರಿಮನಿ (ವಿಜಯಪುರ)

ಅಕ್ಕಾರ, ಮೈಗೆ ಹೊಡದೀರಿ ಅಂದದ್ದು ಖರೆ. ಮಾಸ್ತರ, ನಿಮ್ಮ ಮೀನು ರಾತ್ರಿಯೆಲ್ಲಾ ಮಲಗಗೊಡಲಿಲ್ಲ.

ಮುಂಜಾನೆ ಅಂಗಡಿಗೆ ಹೋಗಿದ್ದೆ. ಗಿರಾಕಿ ಹೋಗೋತನಕ ನಿಂತು, ‘ತಪ್ಪಾತ್ರಿ ಕಾಕಾ’ ಅಂದೆ. ಅವರು ಬ್ಯಾಳಿ ತೂಗೋದು ನಿಲ್ಲಿಸಲಿಲ್ಲ. ಅಂಗಡಿ ಬೋರ್ಡಿನ ಅಕ್ಷರ ಮಾಸ್ಯಾವು, ಬರೆದುಕೊಡ್ತೀನಿ, ರೊಕ್ಕ ಬ್ಯಾಡ ಅಂದೆ. ‘ಪುಕಟ ಯಾಕ? ಎಷ್ಟಾಕ್ಕದ ಹೇಳು’ ಅಂದ್ರು. ಇಷ್ಟ ಮಾತು. ಕೈ ಇನ್ನೂ ಅಂಗಿ ಮ್ಯಾಲೇ ಇತ್ತು.

ನಿಬ್ಬಿನ್ಯಾಗ ಇಂಕು ಒಣಗಿ ಕುಂತೈತಿ. ಬಿಸಿನೀರಾಗ ನೆನಿ ಹಾಕೀನಿ.