ಪದಚರ್ಚೆ: ‘ಟ್ರ್ಯಾಕಿಂಗ್’ಗೆ ಪತ್ತೆಯೋ, ನಿಗಾವೋ, ಜಾಡೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹಾಸನ ಕಡೆಯ ಕೆಲವು ಲಾರಿ ಮತ್ತು ಟೂರಿಸ್ಟ್ ಬಸ್ ಮಾಲೀಕರಿಗಾಗಿ ಜಿಪಿಎಸ್ ಬಳಕೆಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ಜೊತೆಗೆ ಮೊಬೈಲ್ ಆ್ಯಪ್‌ನ ಪರದೆ ಮೇಲೆ ಬರುವ ಮಾತುಗಳನ್ನೂ ಕನ್ನಡಕ್ಕೆ ತರಬೇಕು. ಓದುವವರು ಡ್ರೈವರ್‌ಗಳು, ಗಾಡಿ ಮಾಲೀಕರು, ಶಾಲೆ ವ್ಯಾನಿಗೆ ಮಕ್ಕಳನ್ನು ಹತ್ತಿಸುವ ತಂದೆ ತಾಯಿ. ಹಾಗಾಗಿ ನಿಘಂಟು ತೆಗೆದು ನೋಡಬೇಕಾದ ಪದ ಬೇಡ. ಕೆಲವು ಕಡೆ ಸಿಕ್ಕಿಕೊಂಡಿದ್ದೇನೆ, ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ವೆಹಿಕಲ್ ಟ್ರ್ಯಾಕಿಂಗ್’.

ಪತ್ರಿಕೆಗಳಲ್ಲಿ ‘ವಾಹನ ಸ್ಥಳ ಪತ್ತೆ ಸಾಧನ’ ಅಂತ ಕಾಣುತ್ತದೆ. ಪತ್ತೆ ಅನ್ನೋದು ಕಳೆದುಹೋದದ್ದಕ್ಕೆ ಅಲ್ವಾ? ಕಾಣೆಯಾದ ಹುಡುಗ ಪತ್ತೆಯಾದ, ಕಳ್ಳನನ್ನು ಪತ್ತೆ ಹಚ್ಚಿದರು. ಕದ್ದು ಒಯ್ದ ಬೈಕಿಗೆ ಈ ಪದ ಚೆನ್ನಾಗಿ ಕೂರುತ್ತದೆ. ಆದರೆ ಡಿಪೋದಿಂದ ಹೊರಟು ತನ್ನ ಪಾಡಿಗೆ ತಾನು ಬರುತ್ತಿರುವ ಬಸ್ಸನ್ನು ಪತ್ತೆ ಹಚ್ಚುವುದು ಏನಿದೆ? ಉತ್ತರ ಕರ್ನಾಟಕದಲ್ಲಿ ‘ಪತ್ತಾ’ ಅಂದರೆ ವಿಳಾಸವೂ ಹೌದು. ಆ ಅರ್ಥ ಹಿಡಿದರೆ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಆಗ ‘ಸ್ಥಳ ಪತ್ತೆ’ ಅನ್ನುವುದು ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ.

‘ನಿಗಾ’ ಇನ್ನೊಂದು. ‘ನಿಗಾ ಇಡು’ ಅಂದ ಕೂಡಲೇ ಒಂದೋ ಕಾಯಿಲೆ, ಇಲ್ಲಾ ಅನುಮಾನ. ಆಸ್ಪತ್ರೆಯ ತೀವ್ರ ನಿಗಾ ಘಟಕ ಒಂದು ಕಡೆ, ಪೊಲೀಸರ ನಿಗಾ ಇನ್ನೊಂದು ಕಡೆ. ‘ವಾಹನ ನಿಗಾ ವ್ಯವಸ್ಥೆ’ ಅಂದರೆ ಹೇಗಿರುತ್ತೆ ಅಂತ ಒಬ್ಬ ಡ್ರೈವರನ್ನು ಕೇಳಿದೆ. ‘ಹಂಗಾದ್ರೆ ನಾವೇನು ಕಳ್ರಾ ಸಾರ್?’ ಅಂದರು. ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ಮಾಲೀಕ ಮನೆಯಲ್ಲಿ ಕೂತು ನೋಡುತ್ತಾನೆ ಅನ್ನುವುದು ನಿಜವೇ. ಆದರೆ ಅದು ಆ ಸಾಧನದ ಒಂದು ಬಳಕೆ, ಅದರ ಹೆಸರಾಗಬೇಕಿಲ್ಲ.

‘ಜಾಡು’ ನನಗೆ ಮೂರರಲ್ಲಿ ಇಷ್ಟವಾದದ್ದು. ಗಾಡಿಜಾಡು ಹಳೆಯ ಮಾತು. ಎತ್ತಿನ ಗಾಡಿಯ ಚಕ್ರ ನೆಲದ ಮೇಲೆ ಬಿಟ್ಟುಹೋದ ಗುರುತು ಅದು. ತೊಡಕು ಇರುವುದೂ ಅಲ್ಲೇ. ಜಾಡು ಯಾವತ್ತೂ ಹಿಂದೆ ಬಿದ್ದಿರುತ್ತದೆ. ಹುಲಿ ಹೋದ ಮೇಲೆ ಹುಲಿಯ ಜಾಡು. ಆ್ಯಪ್‌ನಲ್ಲಿ ಇದಕ್ಕೆ ಸರಿಹೊಂದುವ ಒಂದು ಪುಟವೇ ಇದೆ: ನಿನ್ನೆ ಗಾಡಿ ಎಲ್ಲೆಲ್ಲಿ ಹೋಯಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುವ ಪುಟ. ಆ ಪುಟಕ್ಕೆ ‘ಜಾಡು’ ಅಂತ ಇಟ್ಟುಬಿಟ್ಟಿದ್ದೇನೆ. ಅದರಲ್ಲಿ ನನಗೆ ಅನುಮಾನ ಇಲ್ಲ. ಈಗ ಈ ಗಳಿಗೆಯಲ್ಲಿ ಗಾಡಿ ಎಲ್ಲಿದೆ ಅಂತ ತೋರಿಸುವ ಪುಟಕ್ಕೆ ಏನನ್ನಬೇಕು ಅನ್ನೋದು ಪ್ರಶ್ನೆ.

ಇಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಅದು ತಿಳಿಯದೆ ಪದ ಆರಿಸಿದರೆ ದಾರಿ ತಪ್ಪುತ್ತದೆ.

ಸ್ಯಾಟಲೈಟ್ ಮೇಲಿಂದ ನಮ್ಮ ಗಾಡಿಯನ್ನು ನೋಡುತ್ತಾ ಇರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ‘ಉಪಗ್ರಹ ಆಧಾರಿತ ವಾಹನ ಪತ್ತೆ’ ಅಂತ ಓದಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ನಿಜ ಸಂಗತಿ ಬೇರೆ. ನಿಮ್ಮ ಗಾಡಿ ಅನ್ನೋದೊಂದು ಇದೆ ಅಂತಲೇ ಜಿಪಿಎಸ್ ಉಪಗ್ರಹಕ್ಕೆ ಗೊತ್ತಿಲ್ಲ. ಅಮೆರಿಕದ ಈ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. ‘ನಾನು ಇಂಥ ಕಡೆ ಇದ್ದೇನೆ, ಈಗ ಹೊತ್ತು ಇಷ್ಟು’ ಅಂತ ಅವು ಸಾರುತ್ತಲೇ ಇರುತ್ತವೆ. ಯಾರ ಮನೆಯಲ್ಲಿ ರೇಡಿಯೊ ಹಚ್ಚಿದ್ದಾರೆ ಅಂತ ಆಕಾಶವಾಣಿಗೆ ತಿಳಿಯುವುದಿಲ್ಲವಲ್ಲ, ಇದೂ ಹಾಗೇ.

ಕೇಳಿಸಿಕೊಳ್ಳುವುದು, ಲೆಕ್ಕ ಹಾಕುವುದು ಎಲ್ಲ ಗಾಡಿಯೊಳಗೆ ಕೂರಿಸಿದ ಡಬ್ಬಿಯ ಕೆಲಸ. ಬೆಳಕಿನ ವೇಗದಲ್ಲಿ ಹೊರಟರೂ ಆ ಸಂಕೇತ ಇಲ್ಲಿಗೆ ಮುಟ್ಟಲು ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಎಷ್ಟು ತಡವಾಗಿ ಬಂತು ಅನ್ನುವುದರಿಂದ ಉಪಗ್ರಹ ಎಷ್ಟು ದೂರ ಇದೆ ಅಂತ ಡಬ್ಬಿ ತಿಳಿಯುತ್ತದೆ. ಮೂರು ಉಪಗ್ರಹಗಳಿಂದ ದೂರ ಗೊತ್ತಾದರೆ ಜಾಗ ಸಿಗಬೇಕು. ಆದರೆ ಡಬ್ಬಿಯ ಗಡಿಯಾರ ಅಗ್ಗದ್ದು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಹೆಚ್ಚುಕಮ್ಮಿಯಾದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ಕಳೆಯಲು ನಾಲ್ಕನೆಯ ಉಪಗ್ರಹ ಬೇಕು. ನಾಲ್ಕು ಕೇಳಿಸಿದರೆ ಅಕ್ಷಾಂಶ, ರೇಖಾಂಶ, ಎತ್ತರ, ಸರಿಯಾದ ಹೊತ್ತು ನಾಲ್ಕೂ ಸಿಗುತ್ತವೆ.

ಅಲ್ಲಿಗೆ ಉಪಗ್ರಹದ ಪಾತ್ರ ಮುಗಿಯಿತು. ಡಬ್ಬಿಯಲ್ಲಿ ಒಂದು ಸಿಮ್ ಇರುತ್ತದೆ. ಜಾಗ, ವೇಗ, ಯಾವ ದಿಕ್ಕಿಗೆ ಮುಖ ಮಾಡಿದೆ, ಇಗ್ನಿಶನ್ ಆನ್ ಇದೆಯೋ ಆಫ್ ಇದೆಯೋ ಅನ್ನುವುದನ್ನೆಲ್ಲ ಪುಟ್ಟದೊಂದು ಸಂದೇಶ ಮಾಡಿ ಮೊಬೈಲ್ ಟವರ್ ಮೂಲಕ ಸರ್ವರ್ ಕಂಪ್ಯೂಟರಿಗೆ ಕಳಿಸುತ್ತದೆ. ನಾವು ನಕ್ಷೆಯ ಮೇಲೆ ನೋಡುವುದು ಆ ಸಂದೇಶವನ್ನು. ಅಂದರೆ ಗಾಡಿಯನ್ನು ಯಾರೂ ಹಿಂಬಾಲಿಸುತ್ತಿಲ್ಲ. ಗಾಡಿಯೇ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಂಡು ತಾನೇ ಹೇಳುತ್ತಿದೆ. ಹಾಗಾಗಿ ಕೈಪಿಡಿಯ ಒಳಗೆ ಆ ಸಾಧನವನ್ನು ‘ಜಾಗ ತಿಳಿಸುವ ಡಬ್ಬಿ’ ಅಂತ ಕರೆದಿದ್ದೇನೆ. ‘ನೆಲೆ’ ಅಂತ ಕೆಲವರು ಸೂಚಿಸಿದರು. ನೆಲೆ ಅಂದರೆ ನಿಂತ ಜಾಗ, ಓಡುವ ಲಾರಿಗೆ ಎಲ್ಲಿಯ ನೆಲೆ? ‘ತಾಣ’ವನ್ನು ಜಾಲತಾಣದವರು ತೆಗೆದುಕೊಂಡು ಹೋದರು. ‘ಇರುವೆಡೆ’ ಚೆನ್ನಾಗಿಯೇ ಇದೆ, ಆದರೆ ಸಣ್ಣ ಪರದೆಯಲ್ಲಿ ಓದಿದರೆ ಮೊದಲು ಇರುವೆಯೇ ಕಣ್ಣಿಗೆ ಬೀಳುತ್ತದೆ!

ಸಮುದ್ರದಲ್ಲಿ ಮಾತ್ರ ಕಥೆ ಬೇರೆ. ಮಲ್ಪೆಯಿಂದ, ಕಾರವಾರದಿಂದ ಆಳಕ್ಕೆ ಹೋದ ಬೋಟಿಗೆ ಮೊಬೈಲ್ ಟವರ್ ಸಿಗುವುದಿಲ್ಲ. ಅಲ್ಲಿ ಸಂದೇಶ ದಡಕ್ಕೆ ಬರುವುದೂ ಉಪಗ್ರಹದ ಮೂಲಕವೇ ಆಗಬೇಕು. ಕರಾವಳಿ ರಾಜ್ಯಗಳ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಹಾಗೆ ಸಂದೇಶ ಕಳಿಸುವ ‘ಟ್ರಾನ್ಸ್‌ಪಾಂಡರ್’ ಅನ್ನುವ ಸಾಧನ ಕೂರಿಸುವ ಕೆಲಸಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಚಾಲನೆ ಕೊಟ್ಟಿತು. ‘ಉಪಗ್ರಹದ ಮೂಲಕ’ ಅನ್ನುವ ಮಾತು ಪೂರ್ತಿ ಒಪ್ಪುವುದು ಅವುಗಳಿಗೆ.

ಎರಡನೆಯದು ‘ರಿಯಲ್ ಟೈಮ್’. ಇದಕ್ಕೆ ‘ನೈಜ ಸಮಯ’ ಅಂತ ಬರೆಯುವುದು ರೂಢಿಯಾಗುತ್ತಿದೆ. ನನಗೆ ಇದು ಸುತರಾಂ ಹಿಡಿಸುವುದಿಲ್ಲ. ಹಾಗಾದರೆ ಸುಳ್ಳು ಸಮಯ ಯಾವುದು? ಚುನಾವಣೆ ಎಣಿಕೆಯ ದಿನ ಟಿವಿಯವರು ಹೇಳುವ ‘ಕ್ಷಣ ಕ್ಷಣದ ಮಾಹಿತಿ’ ಕಿವಿಗೆ ಹಿತ. ಆದರೆ ಡಬ್ಬಿ ಕ್ಷಣ ಕ್ಷಣಕ್ಕೂ ಹೇಳುವುದಿಲ್ಲ. ಓಡುವಾಗ ಹತ್ತು ಸೆಕೆಂಡಿಗೋ ಅರ್ಧ ನಿಮಿಷಕ್ಕೋ ಒಂದು ಸಲ, ನಿಂತಾಗ ಇನ್ನೂ ಅಪರೂಪಕ್ಕೆ. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸು ಹತ್ತು ಸೆಕೆಂಡಿನಲ್ಲಿ ಸುಮಾರು 167 ಮೀಟರ್ ಮುಂದೆ ಹೋಗಿರುತ್ತದೆ. ಸ್ಟಾಪಿನಲ್ಲಿ ನಿಂತವರಿಗೆ ಬಸ್ಸು ತಪ್ಪಲು ಅಷ್ಟು ಸಾಕು.

ನಮ್ಮಲ್ಲಿ ‘ಆಗಿಂದಾಗಲೇ’ ಅಂತ ಒಂದಿದೆ, ‘ಆಗಿಂದಾಗ್ಗೆ’ ಅಂತ ಇನ್ನೊಂದಿದೆ. ಮೊದಲನೆಯದು ಕೂಡಲೇ ಅಂತ, ಎರಡನೆಯದು ಮಧ್ಯೆ ಮಧ್ಯೆ ಅಂತ. ಕಂಪನಿಯ ಜಾಹೀರಾತು ಹೇಳುವುದು ಆಗಿಂದಾಗಲೇ, ಡಬ್ಬಿ ಮಾಡುವುದು ಆಗಿಂದಾಗ್ಗೆ. ಎರಡಕ್ಕೂ ಇರುವುದು ಒಂದಕ್ಷರದ ಅಂತರ, ಆ್ಯಪ್ ಮೇಲೆ ಬರೆದರೆ ಯಾರೂ ಗಮನಿಸಲಿಕ್ಕಿಲ್ಲ. ಅದಕ್ಕೇ ನಾಮಪದದ ಗೊಡವೆ ಬಿಟ್ಟು, ಗಾಡಿಯ ಈ ಗಳಿಗೆಯ ಜಾಗ ತೋರಿಸುವ ಆ ಪುಟಕ್ಕೆ ‘ಗಾಡಿ ಎಲ್ಲಿದೆ?’ ಅಂತ ಇಡೋಣ ಅನ್ನಿಸಿದೆ. ಜನ ಫೋನ್ ಮಾಡಿದಾಗ ಕೇಳುವುದೂ ಅದನ್ನೇ. ‘ಟ್ರ್ಯಾಕಿಂಗ್’ ಅನ್ನುವುದನ್ನು ‘ಜಾಡುಹಿಡಿಯುವಿಕೆ’ ಅಂತ ಎಳೆದಾಡುವುದಕ್ಕಿಂತ ಇದು ವಾಸಿ.

ನಿಜಕ್ಕೂ ತಲೆ ಕೆಡಿಸಿದ್ದು ಮೂರನೆಯದು. ನೋಡುವುದಕ್ಕೆ ಬಹಳ ಸಣ್ಣ ಪದ: ‘ನಿಂತಿದೆ’.

ಆ್ಯಪ್‌ನಲ್ಲಿ ಗಾಡಿಗೆ ನಾಲ್ಕು ಸ್ಥಿತಿ. ಓಡುತ್ತಿದ್ದರೆ ಹಸಿರು. ಇಂಜಿನ್ ಆನ್ ಇದ್ದು ನಿಂತಿದ್ದರೆ ಹಳದಿ, ಇದಕ್ಕೆ ‘ಐಡಲ್’ ಅನ್ನುತ್ತಾರೆ. ಇಂಜಿನ್ ಆಫ್ ಆಗಿದ್ದರೆ ಕೆಂಪು. ಸಂದೇಶವೇ ಬರದಿದ್ದರೆ ಬೂದು ಬಣ್ಣ. ಈಗ ಕನ್ನಡ ಕಿವಿಗೆ ನೋಡಿ. ‘ಗಾಡಿ ನಿಂತಿದೆ’ ಅಂದರೆ ಸುಮ್ನೆ ನಿಂತಿದೆ. ‘ಗಾಡಿ ನಿಲ್ಲಿಸಿದೆ’ ಅಂದರೆ ಯಾರೋ ಬೇಕಂತ ನಿಲ್ಲಿಸಿದ್ದಾರೆ. ‘ಗಾಡಿ ನಿಂತುಹೋಗಿದೆ’ ಅಂದರೆ ಕೆಟ್ಟಿದೆ, ಮೆಕ್ಯಾನಿಕ್‌ಗೆ ಫೋನ್ ಮಾಡಿ ಅಂತ. ಒಂದೇ ಧಾತುವಿನಲ್ಲಿ ನಾವು ಇಷ್ಟೆಲ್ಲ ಹೇಳಿಬಿಡುತ್ತೇವೆ. ಪಾಪ, ಡಬ್ಬಿಗೆ ತಿಳಿದಿರುವುದು ಎರಡೇ ಸಂಗತಿ: ವೇಗ ಸೊನ್ನೆ ಇದೆ, ಇಗ್ನಿಶನ್ ತಂತಿಯಲ್ಲಿ ಕರೆಂಟ್ ಇದೆ ಅಥವಾ ಇಲ್ಲ. ಡ್ರೈವರ್ ಊಟಕ್ಕೆ ಇಳಿದಿದ್ದಾರೋ, ಟೋಲಿನಲ್ಲಿ ಸಾಲು ಉದ್ದ ಇದೆಯೋ, ಟೈರ್ ಪಂಕ್ಚರ್ ಆಗಿದೆಯೋ ಅದಕ್ಕೆ ಗೊತ್ತಿಲ್ಲ. ‘ನಿಲ್ಲಿಸಿದೆ’ ಅಂತ ಬರೆದರೆ ಡ್ರೈವರ್ ಮೇಲೆ ಗೂಬೆ ಕೂರಿಸಿದ ಹಾಗೆ, ‘ನಿಂತುಹೋಗಿದೆ’ ಅಂತ ಬರೆದರೆ ಮಕ್ಕಳನ್ನು ವ್ಯಾನಿಗೆ ಕಳಿಸಿದ ತಾಯಿ ಗಾಬರಿಯಾಗುತ್ತಾರೆ. ಕೆಂಪಿಗೆ ‘ನಿಂತಿದೆ’ ಒಂದೇ ಸುರಕ್ಷಿತ ಅನ್ನುವುದು ನನ್ನ ಲೆಕ್ಕ.

ಹಳದಿಗೆ ಏನು? ‘ಸುಮ್ನೆ ಇಂಜಿನ್ ಓಡ್ತಿದೆ’ ಅಂತ ಮಾಲೀಕರು ಹೇಳುತ್ತಾರೆ. ಆ ‘ಸುಮ್ನೆ’ಯಲ್ಲಿ ಡೀಸೆಲ್ ಹೋಗುತ್ತಿರುವ ಸಂಕಟ ಇದೆ. ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ಡ್ರೈವರಿಗೆ ಅದು ಸುಮ್ನೆ ಅಲ್ಲ.

ಬೂದು ಬಣ್ಣದ ಗಾಡಿಗೆ ಕಾಲದ ತೊಂದರೆ. ಮಂಗಳೂರಿನಿಂದ ಬರುವ ಬಸ್ಸು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತದೆ. ಘಾಟಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಡಬ್ಬಿಗೆ ತನ್ನ ಜಾಗ ಗೊತ್ತಾಗುತ್ತಲೇ ಇರುತ್ತದೆ, ಹೇಳಲು ಟವರ್ ಇಲ್ಲ ಅಷ್ಟೇ. ಎಲ್ಲವನ್ನೂ ಒಳಗೆ ಬರೆದಿಟ್ಟುಕೊಂಡು ಟವರ್ ಸಿಕ್ಕ ಮೇಲೆ ಒಟ್ಟಿಗೆ ಕಳಿಸುತ್ತದೆ. ಅಲ್ಲಿಯವರೆಗೆ ಬಸ್ಸು ಸಕಲೇಶಪುರದ ಹತ್ತಿರ ಬಂದಿದ್ದರೂ ಪರದೆಯಲ್ಲಿ ಗುಂಡ್ಯದಲ್ಲೇ ಇರುತ್ತದೆ. ಅದಕ್ಕೆ ‘ಗುಂಡ್ಯದಲ್ಲಿದೆ’ ಅನ್ನಬಾರದು, ‘7:40ಕ್ಕೆ ಗುಂಡ್ಯದಲ್ಲಿತ್ತು’ ಅನ್ನಬೇಕು. ಮೂಲದಲ್ಲಿ ಬರೀ ಊರಿನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಹೊತ್ತು. ಕನ್ನಡದಲ್ಲಿ ಗಾಡಿ ಇಂಥ ಕಡೆ ಇದೆ ಅನ್ನುವ ಮಾತು ಕ್ರಿಯಾಪದ ಇಡದೆ ಸರಿಯಾಗಿ ಮುಗಿಯುವುದಿಲ್ಲ, ಇಡುವುದಾದರೆ ಸರಿಯಾದ ಕಾಲವನ್ನೇ ಇಡೋಣ.

ಉಳಿದವು ಬೇಗ ಹೇಳುತ್ತೇನೆ. ‘ಜಿಯೋಫೆನ್ಸ್’ ಅಂದರೆ ನಕ್ಷೆಯ ಮೇಲೆ ಎಳೆದ ಗೆರೆ, ಗಾಡಿ ಅದನ್ನು ದಾಟಿದರೆ ಮಾಲೀಕರಿಗೆ ಮೆಸೇಜು. ‘ಲಕ್ಷ್ಮಣರೇಖೆ’ ಅಂದವರಿದ್ದಾರೆ. ತಮಾಷೆಗೆ ಸರಿ, ಆ್ಯಪಿಗೆ ಬೇಡ. ‘ಸರಹದ್ದು’ ಸಾಕು, ಠಾಣೆಯ ಸರಹದ್ದು ಅಂತ ಎಲ್ಲರೂ ಕೇಳಿದ್ದಾರೆ.

‘ಪ್ಯಾನಿಕ್ ಬಟನ್’ ಕೂಡ ಇದೇ ಸಾಧನದ ಭಾಗ. 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಸಾರ್ವಜನಿಕ ಸೇವೆಯ ಬಸ್ಸು, ಟ್ಯಾಕ್ಸಿಗಳಲ್ಲಿ ಜಾಗ ತಿಳಿಸುವ ಸಾಧನ ಮತ್ತು ಈ ಬಟನ್ ಎರಡೂ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಆಟೊಗಳಿಗೆ, ಇ-ರಿಕ್ಷಾಗಳಿಗೆ ವಿನಾಯಿತಿ ಇದೆ. ಬಟನ್ನಿಗೆ ‘ತುರ್ತು ಗುಂಡಿ’ ಅನ್ನಬಹುದಿತ್ತು. ಆದರೆ ನಮ್ಮ ರಸ್ತೆಗಳಲ್ಲಿ ಓಡಾಡುವ ಡ್ರೈವರಿಗೆ ಗುಂಡಿ ಅಂದರೆ ಬೇರೇನೇ ನೆನಪಾಗುತ್ತದೆ. ‘ತುರ್ತು ಬಟನ್’ ಅಂತಲೇ ಬಿಡುತ್ತೇನೆ.

ಇನ್ನು ‘ಜಿಪಿಎಸ್’. ಸರಿಯಾಗಿ ನೋಡಿದರೆ ಅದು ಅಮೆರಿಕದ ಉಪಗ್ರಹಗಳ ಹೆಸರು. ಇವತ್ತಿನ ಡಬ್ಬಿಗಳು ರಷ್ಯಾದ ಗ್ಲೋನಾಸ್ ಅಥವಾ ನಮ್ಮ ನಾವಿಕ್‌ನ ಸಂಕೇತವನ್ನೂ ಕೇಳಿಸಿಕೊಳ್ಳುತ್ತವೆ. ನಾವಿಕ್‌ಗೆ ಆ ಹೆಸರು ಬಂದದ್ದು 2016ರಲ್ಲಿ, ಅದರ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಹಾಗಂತ ಡ್ರೈವರಿಗೆ ‘ನಿನ್ನ ಗಾಡಿಗೆ ಹಾಕಿದ್ದು ಬರೀ ಜಿಪಿಎಸ್ ಅಲ್ಲ’ ಅಂತ ಪಾಠ ಹೇಳಲು ಹೋಗುವುದಿಲ್ಲ. ‘ಗಾಡಿಗೆ ಜಿಪಿಎಸ್ ಹಾಕ್ಸಿದೀವಿ’, ‘ಜಿಪಿಎಸ್ ಕಿತ್ತಾಕಿದಾನೆ’, ‘ಜಿಪಿಎಸ್ ರೀಚಾರ್ಜ್ ಮುಗಿದಿದೆ’ ಅಂತ ಜನ ಆಡುತ್ತಾರೆ. ಕೊನೆಯದಂತೂ ಸೊಗಸು, ರೀಚಾರ್ಜ್ ಮುಗಿದಿರುವುದು ಸಿಮ್ಮಿನದು. ಆದರೂ ಡಬ್ಬಿ, ಸಿಮ್ಮು, ಆ್ಯಪ್ಪು ಎಲ್ಲ ಸೇರಿ ಕನ್ನಡದಲ್ಲಿ ಈಗ ಜಿಪಿಎಸ್. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಶುರು ಮಾಡಿದ ರೇಡಿಯೊ ಕೇಂದ್ರಕ್ಕೆ ‘ಆಕಾಶವಾಣಿ’ ಅನ್ನುವ ಚಂದದ ಹೆಸರು ಸಿಕ್ಕಿತು, ನಿಜ. ಮನೆಯಲ್ಲಿದ್ದ ಪೆಟ್ಟಿಗೆ ಮಾತ್ರ ರೇಡಿಯೊ ಆಗಿಯೇ ಉಳಿಯಿತಲ್ಲ.

ನನಗೆ ಬೇಕಾದದ್ದು ಇಷ್ಟು. ‘ಐಡಲ್’ಗೆ ಯಾರ ಮೇಲೂ ತಪ್ಪು ಹೊರಿಸದ ಒಂದು ಪದ. ಹುಬ್ಬಳ್ಳಿ, ಕಲಬುರಗಿ ಕಡೆ ಲಾರಿಯವರು ಇದಕ್ಕೆ ಏನಂತಾರೆ? ಮಲ್ಪೆ, ಕಾರವಾರದ ಬೋಟಿನವರು ಟ್ರಾನ್ಸ್‌ಪಾಂಡರ್‌ಗೆ ತಮ್ಮದೇ ಹೆಸರೇನಾದರೂ ಇಟ್ಟಿದ್ದಾರಾ? ‘ಗಾಡಿ ಎಲ್ಲಿದೆ?’ ಅನ್ನುವ ಶೀರ್ಷಿಕೆ ಶಾಲಾ ವ್ಯಾನಿಗೂ ನಡೆಯುತ್ತದಾ, ಅಥವಾ ಅಲ್ಲಿ ‘ವ್ಯಾನ್ ಎಲ್ಲಿದೆ?’ ಅಂತಲೇ ಇರಬೇಕಾ? ಬಟನ್ ಮೇಲೆ ಸುಮಾರು ಹನ್ನೆರಡು ಅಕ್ಷರಕ್ಕೆ ಮಾತ್ರ ಜಾಗ ಇದೆ, ಉದ್ದದ ಸಮಾಸಗಳನ್ನು ದಯವಿಟ್ಟು ಕಳಿಸಬೇಡಿ.