ಮಾದಕ್ಕೆ ಐದೇ ದಿನ, ಮಗಳಿಗೆ ಅಳುವೇ ಬರ್ತಿಲ್ಲ

ಪೊನ್ನಂಪೇಟೆ ಕಡೆಯವಳು:
ಗೆಳತಿಯ ಪರವಾಗಿ ಕೇಳ್ತಿದ್ದೇನೆ. ಅವಳ ಅಪ್ಪ ತೀರಿಕೊಂಡು ಆರು ದಿನ ಆಯ್ತು. ಮಾದ, ಅಂದರೆ ನಮ್ಮ ಕೊಡವರ ತಿಥಿ, ಇನ್ನು ಐದು ದಿನಕ್ಕೆ. ಊರಿಗೆಲ್ಲ ದೊಡ್ಡ ಮನುಷ್ಯ. ಮನೆಯೊಳಗೆ ಮಾತ್ರ ಮಕ್ಕಳು ಗೆದ್ದರೆ ತನ್ನಿಂದ, ಸೋತರೆ ಅವರ ಹಣೆಬರಹ ಅನ್ನೋರು. ಅವಳಿಗೀಗ ಒಂದು ಗಳಿಗೆ ಹಗುರ, ಮರುಗಳಿಗೆ ‘ನಾನೆಂಥ ಮಗಳು’ ಅನ್ನೋ ಸಂಕಟ. ಐನ್‌ಮನೆಗೆ (ಮನೆತನದ ಮೂಲ ಮನೆಗೆ) ಬಂದವರೆಲ್ಲ ಅವರ ಗುಣಗಾನವೇ. ಮಾದದ ದಿನ ದಾಟಿಸೋದು ಹೇಗೆ? ಅಣ್ಣ ಬೇರೆ ಯಾವುದೋ ಪತ್ರಕ್ಕೆ ಸಹಿ ಹಾಕು ಅಂತಿದ್ದಾನಂತೆ.

ಆಪ್ತಸಮಾಲೋಚಕಿ, ಮಡಿಕೇರಿ:
ಗೇಟಿನ ಹತ್ರ ಜೀಪಿನ ಸದ್ದು ಕೇಳಿದರೆ ಸಾಕು, ಇವತ್ತು ಮುಖ ಹೇಗಿರುತ್ತೋ ಅಂತ ಲೆಕ್ಕ ಹಾಕೋದು ಇಂಥ ಮನೆಯ ಮಕ್ಕಳಿಗೆ ರೂಢಿ. ಆ ಕಾವಲು ಕಾಯೋದು ಮುಗಿದಾಗ ಮೈ ಹಗುರಾಗುತ್ತೆ. ಅದಕ್ಕೂ ಪ್ರೀತಿ ಇತ್ತೋ ಇಲ್ಲವೋ ಅನ್ನೋದಕ್ಕೂ ಸಂಬಂಧ ಇಲ್ಲ.

ಇಲ್ಲಿ ಕಳೆದುಕೊಂಡದ್ದು ಎರಡು: ಇದ್ದ ಅಪ್ಪ, ಮತ್ತೆ ‘ಇವತ್ತಲ್ಲ ನಾಳೆ ಸರಿಹೋಗ್ತಾರೆ’ ಅಂತ ಕಾದಿದ್ದ ಅಪ್ಪ. ಮೊದಲನೆಯವರಿಗೆ ಮಾದ ಇದೆ, ಎರಡನೆಯವರಿಗೆ ಯಾವ ಶಾಸ್ತ್ರವೂ ಇಲ್ಲ. ಸುತ್ತಲಿನವರು ಗುರುತಿಸದ ಇಂಥ ದುಃಖದ ಬಗ್ಗೆ ಅಮೆರಿಕದ ಶೋಕತಜ್ಞ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ.

ಒಂದು ನೋಟ್‌ಬುಕ್ ತಗೊಳ್ಳಲಿ. ಪುಟದ ನಡುವೆ ಗೆರೆ. ಎಡಕ್ಕೆ ನಡೆದದ್ದು, ಬಲಕ್ಕೆ ನಡೀಬೇಕಿತ್ತು ಅಂತ ಬಯಸಿದ್ದು. ದಿನಕ್ಕೆ 15–20 ನಿಮಿಷ, ನಾಲ್ಕು ದಿನ, ಹಗಲಲ್ಲೇ. ಮಲಗೋ ಮುಂಚೆ ಬರೆದರೆ ಮನಸ್ಸು ರಾತ್ರಿಯಿಡೀ ವಾದ ಮಾಡ್ತಾ ಕೂರುತ್ತೆ. ಎಡಗಡೆ ‘ಕ್ರೂರಿ’ ಅಂತ ಬರೆಯೋದಲ್ಲ. ‘ಪಿಯುಸಿ ಫಲಿತಾಂಶದ ದಿನ ಊಟಕ್ಕೆ ಕರೀಲಿಲ್ಲ’ ಅನ್ನೋ ಥರ ಘಟನೆ ಬರೀಬೇಕು. ಒಳ್ಳೆಯದೂ ಅಲ್ಲೇ ಬರಲಿ. ಬರೀ ಕೆಟ್ಟದ್ದನ್ನೇ ಪಟ್ಟಿ ಮಾಡಿದರೆ ಒಂದು ಒಳ್ಳೆ ನೆನಪು ಬಂದ ಕೂಡಲೇ ಇಡೀ ಪಟ್ಟಿಯೇ ಸುಳ್ಳು ಅನ್ನಿಸಿ ಪಾಪಪ್ರಜ್ಞೆ ದುಪ್ಪಟ್ಟಾಗುತ್ತೆ. ಹೆಚ್ಚಿನವರು ಎಡವೋದು ಇಲ್ಲೇ.

ಅಪ್ಪ ‘ನಾರ್ಸಿಸಿಸ್ಟ್’, ಅಂದರೆ ತಾನೇ ಎಲ್ಲ ಅನ್ನೋ ಸ್ವಭಾವದವರು, ಹೌದೋ ಅಲ್ಲವೋ ಅಂತ ಈಗ ತೀರ್ಮಾನ ಮಾಡೋದು ಬೇಡ. ಆ ವ್ಯಕ್ತಿತ್ವದೋಷ ಅನ್ನೋಕೆ ಡಿಎಸ್ಎಂನ (ಅಮೆರಿಕದ ಮನೋವೈದ್ಯರ ಕೈಪಿಡಿ) 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು, ಅದನ್ನ ತಜ್ಞರೇ ನೋಡಿ ಹೇಳಬೇಕು. ಹೆಸರು ಸಿಗದಿದ್ದರೂ ಪೆಟ್ಟು ಪೆಟ್ಟೇ.

ನೆಲ್ಲಕ್ಕಿ ಮೂಲೆ:
ಮಾದದ ದಿನಕ್ಕೆ ಒಂದು ವಾಕ್ಯ ಮೊದಲೇ ಸಿದ್ಧ ಇರಲಿ, ಅದು ನಿಜವೂ ಆಗಿರಲಿ: ‘ಹೌದು, ತುಂಬಾ ಜನಕ್ಕೆ ಬೇಕಾದವರು.’ ಅಷ್ಟೇ, ಮುಂದೆ ವಿವರಣೆ ಬೇಡ. ಹೊಗಳಿಕೆಗೆ ತಲೆಯಾಡಿಸಿದರೆ ಸುಳ್ಳು ಹೇಳಿದ ಹಾಗಲ್ಲ. ಆದರೆ ಅದೇ ದಿನ ನಿಜ ಬಿಚ್ಚಿಡೋಕೆ ಹೋದರೆ ಒಕ್ಕದವರೆಲ್ಲ (ಮನೆತನದವರೆಲ್ಲ) ಒಂದಾಗಿ ಅವಳನ್ನೇ ತಪ್ಪಿತಸ್ಥೆ ಮಾಡ್ತಾರೆ. ನೆಲ್ಲಕ್ಕಿಯಲ್ಲಿ, ಅಂದರೆ ಐನ್‌ಮನೆಯ ನಡುಮನೇಲಿ, ದೀಪದ ಎದುರಿಗೇ ಬೆಳಿಗ್ಗೆಯಿಂದ ಕೂತಿರಬೇಕಾಗಿಲ್ಲ. ಅಡುಗೆಯವರ ಕಡೆಯೋ ಎಲೆ ಹಾಕೋ ಕಡೆಯೋ ಒಂದು ಕೆಲಸ ಹಿಡಿದರೆ ಆಗಾಗ ಎದ್ದು ಹೋಗೋಕೆ ನೆಪ ಸಿಗುತ್ತೆ. ವಿಷಯ ಗೊತ್ತಿರೋ ಒಬ್ಬರು ಹತ್ತಿರದಲ್ಲೇ ಇರಲಿ, ಆ ಒಬ್ಬರು ನೀವೇ ಆಗಿ. ನಮ್ಮಲ್ಲಿ ಸಾವಿನ ಮನೇಲೂ ಬಾಟಲಿ ಕೈಗೆ ಸುಲಭವಾಗಿ ಸಿಗುತ್ತೆ. ನಿದ್ದೆಗೆ ಅಂತ ಕುಡಿದರೆ ನಡುರಾತ್ರಿ ಎಚ್ಚರ ಆಗೋದೇ ಹೆಚ್ಚು.

ಹಳ್ಳಿ ಡಾಕ್ಟ್ರು:
ಮನೇಲಿ ಉಳಿದಿರೋ ಬೇರೆಯವರ ನಿದ್ದೆ ಮಾತ್ರೆ ಮುಟ್ಟಬೇಡಿ. ಹೆಂಡದ ಜೊತೆ ಸೇರಿದರೆ ಉಸಿರಿಗೇ ತೊಂದರೆ. ಮೊದಲ ವಾರಗಳಲ್ಲಿ ಅಳು ಬಾರದಿರೋದು, ಸಿಟ್ಟು, ಮರೆವು ಎಲ್ಲ ಸಾಮಾನ್ಯ. ದೀರ್ಘಶೋಕ ಅನ್ನೋ ಕಾಯಿಲೆಯನ್ನ ಐಸಿಡಿ-11 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ) ಪ್ರಕಾರ 6 ತಿಂಗಳಾದ ಮೇಲೆ, ಡಿಎಸ್ಎಂ ಪ್ರಕಾರ ದೊಡ್ಡವರಲ್ಲಿ 12 ತಿಂಗಳಾದ ಮೇಲೆ ಮಾತ್ರ ಗುರುತಿಸೋದು. ಆದರೆ ಸಾಯಬೇಕು ಅನ್ನೋ ಯೋಚನೆ ಬಂದರೆ, ಎರಡು ವಾರ ಊಟ ನಿದ್ದೆ ಪೂರ್ತಿ ಕೆಟ್ಟರೆ ಅಷ್ಟು ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಲಿ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಇದ್ದರೆ ಅವಳನ್ನ ಒಬ್ಬಳೇ ಬಿಡದೆ ಅವತ್ತೇ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ.

ಪೊನ್ನಂಪೇಟೆ ಕಡೆಯವಳು:
ಆ ಸಹಿ ವಿಷಯ?

ಆಪ್ತಸಮಾಲೋಚಕಿ, ಮಡಿಕೇರಿ:
ಮಾದ ಮುಗಿಯೋ ತನಕ ಯಾವುದಕ್ಕೂ ಬೇಡ. ಇಂಥ ಯಜಮಾನರು ಹೋದ ಮೇಲೆ ಆ ಖಾಲಿ ಕುರ್ಚೀಲಿ ಇನ್ನೊಬ್ಬರು ಕೂರೋದು ತೀರಾ ಮಾಮೂಲು, ಅವಳೋ ಪಾಪಪ್ರಜ್ಞೆಯಲ್ಲಿ ಕೇಳಿದ್ದೆಲ್ಲ ಕೊಟ್ಟುಬಿಡ್ತಾಳೆ. ಪತ್ರದ ತಲೆಬರಹ ಓದಲಿ. ವಂಶವೃಕ್ಷಕ್ಕೋ ಪೌತಿ ಖಾತೆಗೋ ಅಂದರೆ ಅದು ವಾರಸುದಾರರ ಹೆಸರು ಸೇರಿಸೋ ಕೆಲಸ. ‘ಹಕ್ಕು ಬಿಡುಗಡೆ’ ಅಂತಿದ್ದರೆ ಅವಳ ಪಾಲು ಬಿಟ್ಟುಕೊಟ್ಟ ಹಾಗೆ. ಅದು ಸಬ್‌ರಿಜಿಸ್ಟ್ರಾರ್ ಕಚೇರೀಲಿ ನೋಂದಣಿ ಆದರೆ ವಾಪಸ್ ಪಡೆಯೋಕೆ ಕೋರ್ಟಿಗೇ ಅಲೀಬೇಕು. ಖಾಲಿ ಛಾಪಾ ಕಾಗದಕ್ಕಂತೂ ಸಹಿ ಬೇಡವೇ ಬೇಡ. ‘ವಕೀಲರಿಗೆ ತೋರಿಸಿ ಹೇಳ್ತೀನಣ್ಣ’ ಅಂದು ಫೋಟೊ ತಗೊಂಡಿಟ್ಟುಕೊಳ್ಳಲಿ.