ಪದಚರ್ಚೆ: ಸಿಂಥಸೈಜರ್‌ನ ‘ಸಸ್ಟೇನ್’ಗೆ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ಕೀಬೋರ್ಡ್ ಕಲಿಯುವವರಿಗಾಗಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸಿ, ಬೇಕಾದಂತೆ ತಿದ್ದಿಕೊಳ್ಳುವ ವಾದ್ಯ) ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇವರಲ್ಲಿ ಹಲವರು ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳಿಗೆ ನುಡಿಸಲು ಹೋಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲೇ ಕೂರುವುದರಿಂದ ‘ಮನೆ’ (ಬೆರಳಿಂದ ಒತ್ತುವ ಕೀ), ‘ಬಿಳಿ ಎರಡು’, ‘ಕರಿ ನಾಲ್ಕು’ ಅನ್ನುವ ಶ್ರುತಿಯ ಹೆಸರುಗಳು, ‘ಸ್ಥಾಯಿ’ ಎಲ್ಲ ಬಾಯಲ್ಲಿವೆ. ಹಾಗಾಗಿ ಮನೆಗಳ ಭಾಗ ಬರೆಯುವುದು ಸಲೀಸಾಯಿತು. 61 ಮನೆ ಅಂದರೆ ಐದು ಸ್ಥಾಯಿ, ಮೇಲೆ ಇನ್ನೊಂದು ಮನೆ. ಟ್ರಾನ್ಸ್‌ಪೋಸ್ ಅನ್ನುವುದು ಶ್ರುತಿ ಬದಲಿಸುವ ಗುಂಡಿ. (ನಮ್ಮ ಕಡೆ ಯಾವ ಕಂಪನಿಯದಾದರೂ ಕೀಬೋರ್ಡ್ ಅಂದರೆ ‘ಕ್ಯಾಸಿಯೋ’ನೇ. ಅದನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ.)

ಎಡಗಡೆಯ ಎರಡು ಚಕ್ರಗಳಿಗೂ ಸಂಗೀತದಲ್ಲೇ ಮಾತು ಸಿಕ್ಕಿತು. ಪಿಚ್ ಬೆಂಡ್ ಚಕ್ರ ಸ್ವರವನ್ನು ಮೇಲಕ್ಕೋ ಕೆಳಕ್ಕೋ ಜಾರಿಸುತ್ತದೆ, ಸಾಮಾನ್ಯವಾಗಿ ಎರಡು ಸ್ವರಸ್ಥಾನದಷ್ಟು. ಕೈ ಬಿಟ್ಟರೆ ತಾನೇ ನಡುವಿಗೆ ಬರುತ್ತದೆ. ಅದಕ್ಕೆ ‘ಜಾರು ಚಕ್ರ’ ಎಂದು ಬರೆದೆ. ಮಾಡ್ಯುಲೇಷನ್ ಚಕ್ರ ಇಟ್ಟಲ್ಲೇ ನಿಲ್ಲುತ್ತದೆ. ಅದರ ಕೆಲಸ ಹೆಚ್ಚಾಗಿ ಸ್ವರವನ್ನು ನಡುಗಿಸುವುದು, ಹಾಗಾಗಿ ‘ಕಂಪಿತ ಚಕ್ರ’. ‘ಗಮಕ ಚಕ್ರ’ ಅಂತ ಒಬ್ಬರು ಸೂಚಿಸಿದರು. ಗಮಕ ಬಹಳ ದೊಡ್ಡ ಮಾತು, ಒಂದು ಪ್ಲಾಸ್ಟಿಕ್ ಚಕ್ರಕ್ಕೆ ಹೊರಿಸುವುದು ಬೇಡ ಅನ್ನಿಸಿತು.

ಆಸಿಲೇಟರ್, ಫಿಲ್ಟರ್ ಎರಡನ್ನೂ ಹಾಗೇ ಬಿಟ್ಟಿದ್ದೇನೆ. ಆಸಿಲೇಟರ್ ಮೂಲ ಸದ್ದು ಹುಟ್ಟಿಸುವ ಭಾಗ. ‘ಆಂದೋಲಕ’ ಪಠ್ಯಪುಸ್ತಕಕ್ಕೆ ಸರಿ, ಗುಂಡಿ ಹುಡುಕುವವರಿಗೆ ಉಪಯೋಗವಿಲ್ಲ. ಅದರಿಂದ ಬರುವ ಅಲೆಗಳನ್ನು ಮಾತ್ರ ಗರಗಸದ ಅಲೆ, ಚೌಕದ ಅಲೆ, ತ್ರಿಕೋನದ ಅಲೆ ಎಂದಿದ್ದೇನೆ. ಕಟಾಫ್ (ಎಲ್ಲಿಂದ ಸೋಸಬೇಕು ಅನ್ನುವ ಗಡಿ) ತಗ್ಗಿಸಿದಂತೆ ಲೋ ಪಾಸ್ ಫಿಲ್ಟರ್ ಆ ಗಡಿಗಿಂತ ಮೇಲಿನ ಅಂಶಗಳನ್ನು ಸೋಸಿ ಸದ್ದನ್ನು ಮಂಕು ಮಾಡುತ್ತದೆ. ಇಷ್ಟು ಹೇಳಿದರೆ ಯಾರಿಗೂ ಗೊತ್ತಾಗುತ್ತದೆ.

ತೊಡಕಿರುವುದು ಎನ್ವಲಪ್ ಭಾಗದಲ್ಲಿ, ಅಂದರೆ ಸದ್ದು ಹೇಗೆ ಏರಿ, ನಿಂತು, ಇಳಿಯಬೇಕು ಎಂದು ಹೊಂದಿಸುವ ಭಾಗದಲ್ಲಿ. ಅಲ್ಲಿ ನಾಲ್ಕು ಗುಂಡಿ: ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್. ಮನೆ ಒತ್ತಿದಾಗ ಸದ್ದು ತುದಿಗೇರಲು ಹಿಡಿಯುವ ಸಮಯ ಅಟ್ಯಾಕ್. ಅಲ್ಲಿಂದ ಸ್ವಲ್ಪ ಇಳಿಯುವ ಸಮಯ ಡಿಕೇ. ಬೆರಳು ಇಟ್ಟಿರುವಷ್ಟು ಹೊತ್ತು ನಿಲ್ಲುವ ಮಟ್ಟ ಸಸ್ಟೇನ್. ಬೆರಳೆತ್ತಿದ ಮೇಲೆ ಪೂರ್ತಿ ಆರಿಹೋಗುವ ಸಮಯ ರಿಲೀಸ್. ಗಮನಿಸಿ, ಮೂರು ಸಮಯದ ಲೆಕ್ಕ, ಸಸ್ಟೇನ್ ಒಂದೇ ಮಟ್ಟದ ಲೆಕ್ಕ. ವೀಣೆಯ ಸದ್ದು ಬೇಕಾದರೆ ಸಸ್ಟೇನ್ ಸೊನ್ನೆಗಿಟ್ಟು ಡಿಕೇ ಉದ್ದ ಮಾಡಬೇಕು, ಯಾಕೆಂದರೆ ಮೀಟಿದ ತಂತಿಯ ನಾದ ಬೆರಳು ಅಲ್ಲೇ ಇದ್ದರೂ ಕುಗ್ಗುತ್ತದೆ. ನಾದಸ್ವರ ಬೇಕಾದರೆ ಸಸ್ಟೇನ್ ಜಾಸ್ತಿ ಇಡಬೇಕು, ಉಸಿರಿರುವವರೆಗೂ ನಾದ ನಿಲ್ಲಬೇಕಲ್ವಾ?

ಆದರೆ ನಾಟಕಕ್ಕೆ ಒಯ್ಯುವ ಸಾಧಾರಣ ಕೀಬೋರ್ಡ್‌ಗಳಲ್ಲಿ ‘ಸಸ್ಟೇನ್’ ಅಂತ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆರಳೆತ್ತಿದ ಮೇಲೂ ನಾದ ಎಳೆಯುತ್ತದೆ. ಅದರ ಕೆಲಸ ಎನ್ವಲಪ್‌ನ ರಿಲೀಸ್‌ಗೆ ಹತ್ತಿರ. ಸಸ್ಟೇನ್ ಪೆಡಲ್ ಕೂಡ, ಕಾಲು ಒತ್ತಿರುವವರೆಗೆ, ಬೆರಳೆತ್ತಿದರೂ ಎತ್ತಿಲ್ಲವೇನೋ ಅನ್ನುವಂತೆ ನಾದ ಹಿಡಿದಿಡುತ್ತದೆ. ಹೀಗೆ ಒಂದೇ ಹೆಸರಿನಡಿ ಬೇರೆಬೇರೆ ಕೆಲಸ. ಹುಡುಗರು ಎನ್ವಲಪ್‌ನ ಸಸ್ಟೇನ್ ಪೂರ್ತಿ ತಿರುಗಿಸಿ, ‘ಬೆರಳೆತ್ತಿದ ತಕ್ಷಣ ಕಟ್ ಆಗ್ತಿದೆಯಲ್ಲ ಸಾರ್’ ಅಂತಾರೆ. ಕನ್ನಡದಲ್ಲೂ ಎರಡಕ್ಕೂ ಒಂದೇ ಪದ ಕೊಟ್ಟರೆ ಇದೇ ಗೊಂದಲ ಮುಂದುವರಿಯುತ್ತದೆ.

ನನ್ನ ಯೋಚನೆ ಹೀಗಿದೆ. ಎನ್ವಲಪ್‌ನದು ‘ನಿಲುಮಟ್ಟ’, ಪೆಡಲ್ ಮತ್ತು ಗುಂಡಿಯದು ‘ಎಳೆತ’. ‘ಕಾರ್ವೆ’ (ಸ್ವರವನ್ನು ಎಳೆದು ನಿಲ್ಲಿಸುವುದು) ನೆನಪಾಗದೇ ಇರಲಿಲ್ಲ, ಆದರೆ ಅದು ಕಾಲದ ಲೆಕ್ಕ. ‘ನಾದಮಟ್ಟ’ವೂ ಹೊಂದುವುದಿಲ್ಲ, ಯಾಕೆಂದರೆ ಇದೇ ನಾಲ್ಕು ಗುಂಡಿ ಫಿಲ್ಟರ್‌ಗೂ ಇರುತ್ತವೆ, ಅಲ್ಲಿ ನಿಲ್ಲುವುದು ಕಟಾಫ್.

ಅಟ್ಯಾಕ್‌ಗೆ ‘ಏರು’ ಎಂದಿದ್ದೇನೆ. ನಿಘಂಟಿನ ‘ದಾಳಿ’ ನೋಡಿ ನಗು ಬಂತು. ಡಿಕೇ, ರಿಲೀಸ್ ಎರಡೂ ಇಳಿತವೇ, ಆದ್ದರಿಂದ ‘ಮೊದಲಿಳಿತ’, ‘ಕೊನೆಯಿಳಿತ’ ಎನ್ನಬಹುದೇ? 1970ರ ಮಿನಿಮೂಗ್ ಎಂಬ ಸಿಂಥಸೈಜರ್‌ನಲ್ಲಿ ರಿಲೀಸ್‌ಗೆ ಬೇರೆ ಗುಂಡಿಯೇ ಇರಲಿಲ್ಲ. ಒಂದು ಸ್ವಿಚ್ ಹಾಕಿದರೆ ಬೆರಳೆತ್ತಿದ ಮೇಲೂ ಡಿಕೇಯ ಸಮಯವೇ ನಡೆಯುತ್ತಿತ್ತು. ಹಾಗಾಗಿ ಎರಡಕ್ಕೂ ಒಂದೇ ಬೇರಿನ ಪದ ಇಡುವುದು ತಪ್ಪಾಗಲಾರದು ಅಂತ ನನ್ನ ಅನಿಸಿಕೆ.

ಇಲ್ಲಿ ವೀಣೆ ನುಡಿಸುವವರಿದ್ದರೆ ದಯವಿಟ್ಟು ತಿಳಿಸಿ: ಮೀಟಿದ ನಾದ ತಾನಾಗಿ ಕುಗ್ಗುವುದಕ್ಕೆ ನಿಮ್ಮಲ್ಲಿ ಏನಂತಾರೆ? ಬೆರಳಿನಿಂದ ತಂತಿ ಮುಟ್ಟಿ ನಾದ ನಿಲ್ಲಿಸುವುದಕ್ಕೆ ಬೇರೆ ಮಾತಿದೆಯಾ?